ಉಳಿದ ಹದಿನೇಳು ನಿಮಿಷ

ಹಿರೇಗುತ್ತಿ
12 ಅಕ್ಟೋಬರ್ 2025

ಯಾಹ್ಯಾ ಸಾಹೇಬರಿಗೆ,

1987ರ ಫೈನಲ್ ದಿನ ನಮ್ಮ ಮೈದಾನಕ್ಕೆ ನೀರು ತಾನಾಗಿ ನುಗ್ಗಲಿಲ್ಲ. ಹಿನ್ನೀರು ತಡೆಯುವ ಕಟ್ಟಿನ ಬಾಗಿಲಿನ ಹಲಗೆ ತೆಗೆದು ನೀರು ಬಿಟ್ಟವನು ನನ್ನ ಅಜ್ಜ ಬೊಮ್ಮ ಗೌಡ. ಇದು ನನಗೆ ಎಂಟು ವರ್ಷದಿಂದ ಗೊತ್ತಿದೆ, ಯಾರಿಗೂ ಹೇಳಿರಲಿಲ್ಲ. ಮೊದಲು ನಿಮಗೇ ಹೇಳಬೇಕು ಅನ್ನಿಸಿತು. ಆ ದಿನ ಭಟ್ಕಳ ತಂಡದ ಗೋಲು ಕಾಯುತ್ತಿದ್ದವರು ನೀವು. ಗೆಲ್ಲುತ್ತಿದ್ದವರೂ ನೀವೇ.

ನನ್ನ ಹೆಸರು ಹರೀಶ ಗೌಡ, ವಯಸ್ಸು ಹತ್ತೊಂಬತ್ತು. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಆಮೇಲೆ ಹೊನ್ನಾವರದ ಕಾಸರಕೋಡದಲ್ಲಿ ಮೀನಿಗೆ ಐಸ್ ಒಡೆದೆ, ಹೆದ್ದಾರಿಯಲ್ಲಿ ಜಲ್ಲಿ ಹೊತ್ತೆ, ಲಾರಿಯಲ್ಲಿ ಕ್ಲೀನರ್ ಆಗಿ ಹುಬ್ಬಳ್ಳಿಯವರೆಗೆ ಹೋಗಿ ಬಂದೆ. ಯಾವ ಕೆಲಸದಲ್ಲೂ ಆರು ತಿಂಗಳು ನಿಂತವನಲ್ಲ. ನಿಂತದ್ದು ಎರಡು ಗೋಲ್ ಕಂಬಗಳ ನಡುವೆ ಮಾತ್ರ. ಎರಡು ವರ್ಷ ಹೊರಗೆ ಕೂತು ಕಾದ ಮೇಲೆ ಈ ವರ್ಷ ನಾನು ನಮ್ಮ ಕ್ಲಬ್ಬಿನ ಗೋಲ್‌ಕೀಪರ್.

ಬರುವ ವರ್ಷ ಕ್ಲಬ್ಬಿಗೆ ನಲವತ್ತೈದು ತುಂಬುತ್ತದೆ, ಪುಸ್ತಕ ತರುತ್ತಿದ್ದಾರೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ರವೀಂದ್ರಣ್ಣ 1981ರಲ್ಲಿ ವಾಸ್ಕೋ ಬಂದರಿನ ಕೆಲಸ ಬಿಟ್ಟು ಊರಿಗೆ ಬರುವಾಗ ಒಂದು ಚೆಂಡು ತಂದದ್ದರಿಂದ ಶುರು ಮಾಡಿದ್ದೇನೆ. ಊರಿನಲ್ಲಿ ಸಮತಟ್ಟಾದ ಜಾಗ ಅಂದರೆ ಗಜನಿ, ಹಿನ್ನೀರಿನ ಪಕ್ಕದ ಉಪ್ಪುನೀರಿನ ಗದ್ದೆ. ಅದರ ಮೂಲೆಯ ಒಂದು ತುಂಡಿಗೆ ಬೇರೆ ಕಟ್ಟು, ಬೇರೆ ಬಾಗಿಲು ಮಾಡಿ, ಕೊಯ್ಲಾದ ಮೇಲೆ ಆಡಲಿಕ್ಕೆ ಬಿಟ್ಟುಕೊಟ್ಟರು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ದೊಡ್ಡದು, ಕಟ್ಟು ಹಾರಿ ಒಳಗೆ ಬರುತ್ತದೆ. ಅಷ್ಟಮಿಗೆ ಸಣ್ಣದು. ಅದಕ್ಕೆ ನಮ್ಮಲ್ಲಿ ಮ್ಯಾಚನ್ನು ವಾರ ನೋಡಿ ಇಡುವುದಿಲ್ಲ, ಪಂಚಾಂಗ ನೋಡಿ ಅಷ್ಟಮಿಗೆ ಇಡುತ್ತೇವೆ. ಸುತ್ತಲಿನವರು ನಮ್ಮನ್ನು ಅಷ್ಟಮಿ ಕ್ಲಬ್ಬು ಎಂದೇ ಕರೆಯುವುದು.

ಆ ಮಾರ್ಚ್ 22 ಕೂಡ ಅಷ್ಟಮಿ. ನೀವು ಒಂದು ಗೋಲು ಮುಂದಿದ್ದಿರಿ, ಹದಿನೇಳು ನಿಮಿಷ ಬಾಕಿ ಇತ್ತು. ನೀರು ಬಂತು, ನಿಮ್ಮ ಟೆಂಪೋ ಹೋಯಿತು, ಗೆದ್ದವರಿಗೆಂದು ತಂದಿಟ್ಟಿದ್ದ ಕಪ್ಪು ಇಲ್ಲೇ ಉಳಿಯಿತು. ಈಗ ಅದು ನಾರಾಯಣಣ್ಣನ ಹೋಟೆಲಿನ ಗಾಜಿನ ಕಪಾಟಿನಲ್ಲಿದೆ. ಕೆಳಗೆ ‘1987 ವಿಜೇತರು’ ಎಂದು ಬಣ್ಣದಲ್ಲಿ ಬರೆಸಿದ್ದಾರೆ. ನಮ್ಮ ಕ್ಲಬ್ಬಿನಲ್ಲಿರುವುದು ಅದೊಂದೇ ಕಪ್ಪು.

ಅಜ್ಜ ನನಗೆ ಇದನ್ನು ಹೇಳಿದಾಗ ನನಗೆ ಹನ್ನೊಂದು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವುದೇನು, ನಮ್ಮವರು ಸೋಲಬಾರದೆಂದು ಮಾಡಿದ್ದು. ಅಜ್ಜ ಈಗ ಇಲ್ಲ.

ನಿಮ್ಮ ವಿಳಾಸ ಭಟ್ಕಳದಲ್ಲಿ ನಿಮ್ಮ ತಮ್ಮನ ಬಟ್ಟೆ ಅಂಗಡಿಯಲ್ಲಿ ಸಿಕ್ಕಿತು. ಫೋನ್ ನಂಬರು ಕೇಳಿದ್ದಕ್ಕೆ "ಕಾಗದವೇ ಬರಿ" ಎಂದರು.

ಹರೀಶ


ವಿಜಯವಾಡ
27 ಅಕ್ಟೋಬರ್ 2025

ಹರೀಶನಿಗೆ,

ಮೂವತ್ತು ವರ್ಷದಿಂದ ಇಲ್ಲಿ ಸೀರೆ ಮಾರುತ್ತಿದ್ದೇನೆ. ಕನ್ನಡದಲ್ಲಿ ಕಾಗದ ಬಂದು ಎಷ್ಟು ಕಾಲವಾಯಿತೋ. ಕನ್ನಡಕ ಹುಡುಕಿ ಎರಡು ಸಲ ಓದಿದೆ. ನಿನ್ನ ಅಕ್ಷರ ದುಂಡಗಿದೆ ನಿಜ, ಒತ್ತಕ್ಷರಗಳು ಮಾತ್ರ ಓಡಿ ಹೋಗುವ ಅವಸರದಲ್ಲಿವೆ.

ಫೋನು ಬೇಡ ಎಂದದ್ದು ಕಿವಿಯ ಕಾರಣಕ್ಕೆ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿಗೆ ಮಿಷನ್ ಇದೆ. ಫೋನಿನಲ್ಲಿ ಯಾರು ಏನು ಹೇಳಿದರೂ ನನಗೆ ಸೀರೆಯ ರೇಟು ಕೇಳಿದ ಹಾಗೇ ಕೇಳುತ್ತದೆ, ನಾನು ರೇಟು ಹೇಳಿಬಿಡುತ್ತೇನೆ. ಸೊಸೆಯ ವಾಟ್ಸಾಪ್‌ಗೆ ಕಳಿಸಬಹುದಿತ್ತು. ಆದರೆ ಇಂಥದ್ದನ್ನು ನನಗಿಂತ ಮೊದಲು ಮನೆಮಂದಿ ಓದುವುದು ಬೇಡ.

ಆ ದಿನ ಹಳದೀಪುರದಲ್ಲಿ ನಮ್ಮ ಟೆಂಪೋ ಪಂಕ್ಚರ್ ಆಗಿ ಒಂದು ಗಂಟೆ ತಡವಾಗಿ ಬಂದೆವು. ನಿಮ್ಮವರ ಅಂಗಿ ಚೆನ್ನಾಗಿ ನೆನಪಿದೆ. ಎಲ್ಲವನ್ನೂ ಒಂದೇ ಹಂಡೆಯಲ್ಲಿ ಅದ್ದಿ ನೇರಳೆ ಬಣ್ಣ ಹಾಕಿದ್ದಿರಬೇಕು. ಬೆವರಿಗೆ ಬಣ್ಣ ಇಳಿದು ಅರ್ಧ ಆಟದ ಹೊತ್ತಿಗೆ ಚೆಂಡೂ ನೇರಳೆ, ನನ್ನ ಅಂಗೈಯೂ ನೇರಳೆ. ನಾವು ಬೂಟು ಹಾಕಿ ಕೆಸರಿನಲ್ಲಿ ಹೂತುಹೋಗುತ್ತಿದ್ದರೆ ನೀವು ಬರಿಗಾಲಲ್ಲಿ ಚಿಪ್ಪುಗಳ ಮೇಲೆ ಓಡುತ್ತಿದ್ದಿರಿ.

ನೀರಿನ ವಿಷಯ. ನೀರು ಬಂತು, ನಾವು ಬೂಟು ಕೈಯಲ್ಲಿ ಹಿಡಿದು ಓಡಿದೆವು. ಬಾಗಿಲು ಯಾರು ತೆಗೆದರೋ ನಾನು ನೋಡಲಿಲ್ಲ. ಅಜ್ಜನ ಹೆಸರನ್ನು ಪುಸ್ತಕದಲ್ಲಿ ಹಾಕಬೇಡ. ಅವನು ಎದ್ದು ಬಂದು ತನ್ನ ಮಾತು ಹೇಳುವಂತಿಲ್ಲ. ಮೂವತ್ತೆಂಟು ವರ್ಷದ ಹಿಂದಿನ ಒಂದು ಗೋಲಿಗಾಗಿ ಯಾರೂ ಅಳುತ್ತಿಲ್ಲ.

ಊರಿನ ಸುದ್ದಿ ಬರಿ. ಹೊನ್ನಾವರದ ಸೇತುವೆಯ ಮೇಲೆ ಈಗಲೂ ಬಸ್ಸಿನ ಎಡಗಡೆ ಕೂತರೆ ಗಾಳಿ ಬರುತ್ತದೆಯೇ?

ಯಾಹ್ಯಾ


ಹಿರೇಗುತ್ತಿ
9 ನವೆಂಬರ್ 2025

ಯಾಹ್ಯಾ ಸಾಹೇಬರಿಗೆ,

ಸೇತುವೆ ಈಗ ಹೊಸದು. ಗಾಳಿ ಎರಡೂ ಕಡೆ ಬರುತ್ತದೆ.

ನಿಮ್ಮ ಮಾತು ಮೀರಿದೆ, ಕ್ಷಮಿಸಿ. ಕಳೆದ ಭಾನುವಾರ ನಾರಾಯಣಣ್ಣನ ಹೋಟೆಲಿನಲ್ಲಿ ಎಲ್ಲರೂ ಸೇರಿದ್ದರು. ನಾರಾಯಣಣ್ಣ ಈಗ ಕ್ಲಬ್ಬಿನ ಅಧ್ಯಕ್ಷರು, ಆ ಫೈನಲ್‌ನಲ್ಲಿ ನಮ್ಮ ಗೋಲು ಕಾದವರು. ನಾನು ಬರೆದದ್ದನ್ನು ಓದಿದೆ. ಹಂಡೆಯ ಬಣ್ಣದ ವಿಷಯ ಬಂದಾಗ ನಕ್ಕರು. ಹಲಗೆಯ ವಿಷಯ ಬಂದಾಗ ಯಾರೂ ಚಹಾ ಕುಡಿಯಲಿಲ್ಲ.

"ಎಂತದಾ ಇದು?" ಎಂದರು ನಾರಾಯಣಣ್ಣ. "ಚರಿತ್ರೆ ಬರಿ ಅಂದ್ರೆ ಪಂಚನಾಮೆ ಬರ್ಕೊಂಡು ಬಂದಿದ್ಯಲಾ."

"ನಡೆದದ್ದು ಬರ್ದೆ."

"ನಿನ್ನಜ್ಜನ ಹೆಸ್ರು ನೀನೇ ಹಾಳ್ ಮಾಡ್ತ್ಯಾ?"

"ಅಜ್ಜನೇ ಹೇಳಿದ್ದು ನಂಗೆ."

ಚೆಂಡು ತಂದ ರವೀಂದ್ರಣ್ಣ ಲೋಟದೊಳಗೆ ನೋಡುತ್ತ ಕೂತಿದ್ದರು.

"ತಮಾ, ಸೀದಾ ಹೇಳ್ತೆ ಕೇಳು," ಎಂದರು ನಾರಾಯಣಣ್ಣ. "ಆ ಪುಟ ತೆಗಿ. ಇಲ್ದಿದ್ರೆ ಗೋಲು ಬಿಡು. ಎರಡ್ರಲ್ಲಿ ಒಂದು."

ನಾನು ಕೈಗವಸು ಮೇಜಿನ ಮೇಲಿಟ್ಟು ಬಂದೆ. ಮನೆಯ ಬೇಲಿಯ ದಣಪೆ ದಾಟುವವರೆಗೆ ದೊಡ್ಡ ಕೆಲಸ ಮಾಡಿದ ಹಾಗಿತ್ತು. ಆಮೇಲೆ ದಿನಾ ಸಂಜೆ ಆಟದ ಹೊತ್ತಿಗೆ ಗೂಟದಲ್ಲಿ ಕೈಗವಸು ಹುಡುಕುತ್ತೇನೆ. ಶಾಲೆ ಬಿಟ್ಟಾಗ ಹೀಗಾಗಿರಲಿಲ್ಲ. ಆ ಗೋಲಿನಲ್ಲಿ ಮತ್ತೆ ನಿಲ್ಲಬೇಕು, ಆದರೆ ಆ ಪುಟ ಹರಿದು ನಿಲ್ಲಲಾರೆ.

ಯೋಚಿಸಿ ಯೋಚಿಸಿ ಒಂದು ದಾರಿ ಹೊಳೆಯಿತು. ಆ ಹದಿನೇಳು ನಿಮಿಷ ಈಗ ಆಡಿದರೆ? ಅಂದು ಆಡಿದವರಲ್ಲಿ ಓಡಬಲ್ಲವರು ಓಡಲಿ, ಉಳಿದ ಜಾಗಕ್ಕೆ ಮಕ್ಕಳೋ ಮೊಮ್ಮಕ್ಕಳೋ ನಿಲ್ಲಲಿ. ಭಟ್ಕಳ ಒಂದು ಗೋಲು ಮುಂದೆ ಎಂದೇ ಆಟ ಶುರುವಾಗಲಿ. ಮುಗಿದಾಗ ಕಪ್ಪು ಯಾರದ್ದೋ ಅವರದ್ದು.

ಇನ್ನೊಂದು ಮಾತು. ನೀವು ನೋಡಲಿಲ್ಲ ಎಂದು ಬರೆದಿದ್ದೀರಿ. ಎರಡನೇ ಅರ್ಧದಲ್ಲಿ ನಿಮ್ಮ ಗೋಲು ಬಾಗಿಲಿನ ಕಡೆಗಿತ್ತು. ಹೋಗಿ ಹೆಜ್ಜೆ ಅಳೆದೆ, ಸರಿಯಾಗಿ ಮೂವತ್ತು ಹೆಜ್ಜೆ. ನಿಮ್ಮನ್ನು ಸುಳ್ಳುಗಾರ ಎನ್ನುತ್ತಿಲ್ಲ. ಅಳತೆ ಮಾತ್ರ ಹೇಳಿದೆ.

ಹರೀಶ


ಹಿರೇಗುತ್ತಿ
14 ಡಿಸೆಂಬರ್ 2025

ಯಾಹ್ಯಾ ಸಾಹೇಬರಿಗೆ,

ಒಂದು ತಿಂಗಳ ಮೇಲಾಯಿತು, ನಿಮ್ಮ ಉತ್ತರವಿಲ್ಲ. ಸಿಟ್ಟು ಬಂದಿರಬೇಕು. ಹಿರಿಯರಿಗೆ ಹಾಗೆ ಬರೆಯಬಾರದಿತ್ತು, ತಪ್ಪಾಯಿತು. ಅಳತೆ ತಪ್ಪಾಗಿದೆ ಎಂದು ಹೇಳಲಾರೆ, ಮತ್ತೊಮ್ಮೆ ಅಳೆದೆ.

ಇಲ್ಲಿ ಗೋಲಿನಲ್ಲಿ ಈಗ ದಿನೇಶ ನಿಲ್ಲುತ್ತಿದ್ದಾನೆ. ಒಳ್ಳೆಯ ಹುಡುಗ. ಎರಡು ಮ್ಯಾಚಿಗೆ ಒಂಬತ್ತು ಗೋಲು ಬಿಟ್ಟ. ನಾನು ಕಟ್ಟಿನ ಮೇಲೆ ಕೂತು ನೋಡಿದೆ. ಆರನೆಯದಕ್ಕೆ ನಾರಾಯಣಣ್ಣ ಕತ್ತು ತಿರುಗಿಸಿ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

ಇದಕ್ಕೂ ಉತ್ತರ ಬರದಿದ್ದರೆ ಇನ್ನು ತೊಂದರೆ ಕೊಡುವುದಿಲ್ಲ.

ಹರೀಶ


ವಿಜಯವಾಡ
21 ಡಿಸೆಂಬರ್ 2025

ಹರೀಶನಿಗೆ,

ಸಿಟ್ಟು ಯಾಕೆ ಬರುತ್ತದೆ. ಊರಿನಲ್ಲಿರಲಿಲ್ಲ, ವ್ಯಾಪಾರಕ್ಕೆ ಹೊರಗೆ ಹೋಗಿದ್ದೆ. ಬಂದು ನೋಡಿದರೆ ನಿನ್ನ ಎರಡು ಕಾಗದ.

ಮೂವತ್ತು ಹೆಜ್ಜೆ ಸರಿ. ನಾನು ನೋಡಿದ್ದೆ.

ನೀರು ಬರುವ ಸ್ವಲ್ಪ ಮೊದಲು ನಿಮ್ಮ ರವೀಂದ್ರ ಒಂದು ಹೊಡೆತ ಹೊಡೆದ. ಅಬ್ಬಾ, ಆ ಕಾಲು. ತಡೆದೆ, ಆದರೆ ಎಡಗೈಯ ಉಂಗುರಬೆರಳು ಮುರಿಯಿತು. ಯಾರಿಗೂ ಹೇಳಲಿಲ್ಲ. ಬದಲಿ ಕೀಪರ್ ನಮ್ಮಲ್ಲಿರಲಿಲ್ಲ. ಕೈ ಬಗಲಲ್ಲಿ ಒತ್ತಿಕೊಂಡು ನಿಂತೆ. ಇನ್ನೊಂದು ಚೆಂಡು ಬಂದರೆ ಬಿಡುವುದೊಂದೇ ದಾರಿ ಎಂದು ಗೊತ್ತಿತ್ತು. ಆಗ ಹಿಂದೆ ತಿರುಗಿ ನೋಡಿದೆ. ಕಟ್ಟಿನ ಮೇಲೆ ಕಂಬಳಿ ಹೊದ್ದ ಒಬ್ಬ ಎತ್ತರದ ಮನುಷ್ಯ ಬಾಗಿ ನಿಂತಿದ್ದ. ನಾನು ಅವನನ್ನು ನೋಡಿದೆ, ಅವನು ನನ್ನ ಕೈ ನೋಡಿದ. ಆಮೇಲೆ ಒಂದೊಂದೇ ಹಲಗೆ ತೆಗೆದ.

ನಾನು ಕೂಗಬಹುದಿತ್ತು. ಕೂಗಲಿಲ್ಲ. ನೀರು ಪಾದ ಮುಟ್ಟಿದಾಗ ಅಳುವಷ್ಟು ಸಂತೋಷವಾಯಿತು. ಈ ಮನುಷ್ಯ ನನ್ನ ಬೆರಳು ನೋಡಿ ಕನಿಕರಪಟ್ಟು ನನ್ನನ್ನು ಉಳಿಸಿದ ಎಂದುಕೊಂಡೆ. ಇಂದಿಗೂ ಹಾಗೇ ಅಂದುಕೊಂಡಿದ್ದೇನೆ. ಹೆಸರು ಗೊತ್ತಿಲ್ಲದೆ ಅವನಿಗಾಗಿ ದುವಾ ಮಾಡಿದ್ದೇನೆ, ಈಗ ಹೆಸರು ಗೊತ್ತಾಯಿತು. ಅದಕ್ಕೇ ನಿನ್ನ ಅಜ್ಜನನ್ನು ಪುಸ್ತಕದಲ್ಲಿ ಎಳೆಯಬೇಡ ಎಂದದ್ದು. ನಿನಗೆ ಮೋಸವಾಗಿ ಕಂಡದ್ದು ನನಗೆ ಉಪಕಾರವಾಗಿತ್ತು.

ಹಾಗಾಗಿ ಆ ಕಪ್ಪು ನಮ್ಮದೂ ಅಲ್ಲ. ಆಟ ನಡೆದಿದ್ದರೆ ನಾನು ಗೋಲು ಬಿಡುತ್ತಿದ್ದೆ. ಈ ಕಾಗದವನ್ನು ಹೋಟೆಲಿನಲ್ಲಿ ಗಟ್ಟಿಯಾಗಿ ಓದು. ಹದಿನೇಳು ನಿಮಿಷದ ಮಾತು ನನಗೆ ಒಪ್ಪಿಗೆ. ತಮ್ಮನಿಗೂ ಬರೆದಿದ್ದೇನೆ. ಅವನು ಆ ದಿನ ಎಡಗಡೆ ಆಡಿದ್ದ, ಈಗ ಹೊಟ್ಟೆ ನೋಡಿದರೆ ಎರಡೂ ಕಡೆ ಆಡಬಲ್ಲ. ದಿನ ಗೊತ್ತು ಮಾಡಿ, ಬರುತ್ತೇನೆ.

ಯಾಹ್ಯಾ


ಹಿರೇಗುತ್ತಿ
4 ಜನವರಿ 2026

ಯಾಹ್ಯಾ ಸಾಹೇಬರಿಗೆ,

ನಿಮ್ಮ ಕಾಗದ ಓದಿದೆ. ಕೂತಲ್ಲಿಂದ ಎದ್ದುಹೋಗಬೇಕೆಂದಿದ್ದವರೂ ಬೆರಳು ಮುರಿದ ಸಾಲು ಕೇಳಿ ಕೂತೇ ಉಳಿದರು. ರವೀಂದ್ರಣ್ಣ ತನ್ನ ಬಲಗಾಲನ್ನು ಮುಂದೆ ಚಾಚಿ ನೋಡಿಕೊಂಡರು. "ಮುರ್ದಿತ್ತಾ?" ಎಂದು ಎರಡು ಸಲ ಕೇಳಿದರು. ಬೇಸರವೋ ಹೆಮ್ಮೆಯೋ ಗೊತ್ತಾಗಲಿಲ್ಲ.

ಆಮೇಲೆ ಅವರೇ ಬಾಯಿ ಬಿಟ್ಟರು. "ಅಷ್ಟಮಿ ದಿನ ನೀರು ಕಟ್ಟು ಹಾರೂದಿಲ್ಲ ಅಂತ ನಂಗೊತ್ತಿಲ್ವಾ? ಅವತ್ತೇ ಗೊತ್ತು. ಬೊಮ್ಮಣ್ಣ ನಮ್ಮ ಮರ್ಯಾದೆ ಉಳಿಸ್ಲಿಕ್ಕೆ ಮಾಡ್ದ, ಯಾರಿಗೂ ಹೇಳೂದು ಬೇಡ ಅಂತ ಸುಮ್ಮನಿದ್ದೆ."

"ನಿಂಗೂ ಗೊತ್ತಿತ್ತಾ?" ಎಂದರು ನಾರಾಯಣಣ್ಣ. "ನಂಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ ಮಾರಾಯ."

ಹೀಗೆ ಒಬ್ಬೊಬ್ಬರದ್ದೂ ಹೊರಬಂತು. ಅಷ್ಟಮಿಗೇ ಮ್ಯಾಚು ಇಡುವ ಊರಿಗೆ ಅಷ್ಟಮಿಯ ನೀರು ಗೊತ್ತಿರದೆ ಇರುತ್ತದೆಯೇ? ಒಬ್ಬರಿಂದ ಒಬ್ಬರು ಮುಚ್ಚಿಟ್ಟು ಮೂವತ್ತೆಂಟು ವರ್ಷ ಕಳೆದಿದ್ದಾರೆ. ವರ್ಷಾ ವರ್ಷಾ ಆಟ ಶುರು ಮಾಡುವ ದಿನ ಚೆಂಡಿನ ಪೂಜೆಯಲ್ಲಿ ಮೊದಲ ತೆಂಗಿನಕಾಯಿ ಅಜ್ಜನ ಕೈಗೆ ಕೊಡುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು.

ಆ ಹೊತ್ತಿಗೆ ನನ್ನ ಅಜ್ಜಿ ತಿಮ್ಮಕ್ಕ ಹೋಟೆಲಿಗೆ ಹರಿವೆ ಸೊಪ್ಪು ಕೊಡಲು ಬಂದವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬುಟ್ಟಿ ಕೆಳಗಿಟ್ಟಳು.

"ಕ್ಲಬ್ಬಿನ ಮರ್ಯಾದೆಗಾ?" ಎಂದಳು. "ಅಂವ ಶೆಟ್ಲಿಗೆ ಹಲಗೆ ತೆಗ್ದದ್ದು."

ನಮ್ಮಲ್ಲಿ ಸಿಗಡಿಗೆ ಶೆಟ್ಲಿ ಎನ್ನುತ್ತೇವೆ. ಉಬ್ಬರದಲ್ಲಿ ಬಾಗಿಲು ತೆಗೆದು ನೀರು ಒಳಗೆ ತಗೊಂಡು, ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಶೆಟ್ಲಿ ಬೀಳುತ್ತದೆ.

"ಮನೆಗೆ ನನ್ನಣ್ಣ ಬಂದಿದ್ದ," ಎಂದಳು ಅಜ್ಜಿ. "ಸಾರಿಗೆ ಎಂತ ಇರ್ಲಿಲ್ಲ. ನೀವು ಐದಕ್ಕೆ ಆಟ ಮುಗಿತದೆ ಅಂದಿದ್ರಿ. ಐದೂವರೆ ಆದ್ರೂ ಕುಣಿತಾ ಇದ್ರಿ. ನೀರು ಇಳೂಕೆ ಶುರುವಾದ ಮೇಲೆ ಹಲಗೆ ತೆಗ್ದು ಎಂತ ಮಾಡೂದು? ಅಂವ ಹೊತ್ತಿಗೆ ಸರಿಯಾಗಿ ತೆಗ್ದ."

"ಮತ್ತೆ ವರ್ಷಾ ಕಾಯಿ ತಗೊಂಡ್ನಲೇ, ತಿಮ್ಮಕ್ಕ," ಎಂದರು ರವೀಂದ್ರಣ್ಣ.

"ಕೊಟ್ರಿ, ತಗೊಂಡ. ಕೊಟ್ಟ ಕಾಯಿ ಬೇಡ ಅಂತಾರಾ?"

ನಾರಾಯಣಣ್ಣ ನಕ್ಕು ನಕ್ಕು ಗಲ್ಲಾಪೆಟ್ಟಿಗೆ ಹಿಡಿದುಕೊಂಡರು. ನನಗೂ ನಗು ಬಂತು, ಆದರೆ ತಡವಾಗಿ. ಎಂಟು ವರ್ಷ ನಾನು ಅಜ್ಜನನ್ನು ಮೋಸಗಾರ ಎಂದುಕೊಂಡಿದ್ದೆನಲ್ಲ. ನಿಮಗೂ ಬೇಸರವಾಗಬಹುದು. ಅವನು ನಿಮ್ಮ ಬೆರಳು ನೋಡಿರಲಿಕ್ಕಿಲ್ಲ. ನಿಮ್ಮ ದುವಾ ಮಾತ್ರ ವಾಪಸು ತಗೊಳ್ಳಬೇಡಿ.

ಆಟ ಒಪ್ಪಿದ್ದಾರೆ. ಪುಟ ಉಳಿಯುತ್ತದೆ, ಅಜ್ಜಿ ಹೇಳಿದ್ದನ್ನೂ ಸೇರಿಸಬೇಕು. ನನ್ನ ಗೋಲಿನ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಟದ ದಿನ ತನ್ನ ಹಳೆಯ ಗೋಲಿನಲ್ಲಿ ತಾನೇ ನಿಲ್ಲುತ್ತೇನೆ ಎಂದರು ನಾರಾಯಣಣ್ಣ. ನ್ಯಾಯವೇ.

ಜನವರಿ 26, ಸೋಮವಾರ. ಅಷ್ಟಮಿಯೂ ಹೌದು, ಸರಕಾರಿ ರಜೆಯೂ ಹೌದು. ಬನ್ನಿ.

ಹರೀಶ


ವಿಜಯವಾಡ
17 ಜನವರಿ 2026

ಹರೀಶನಿಗೆ,

ಸಿಗಡಿ! ನಿನ್ನ ಕಾಗದ ಓದಿ ಒಬ್ಬನೇ ನಕ್ಕದ್ದು ನೋಡಿ ಸೊಸೆ ಓಡಿ ಬಂದಳು. ಅವಳಿಗೆ ತೆಲುಗಿನಲ್ಲಿ, ನಮ್ಮ ಮನೆಮಾತು ನವಾಯತಿಯಲ್ಲಿ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ದುವಾ ವಾಪಸಿಲ್ಲ, ನಿನ್ನ ಅಜ್ಜಿಗೆ ಹೇಳು.

ಈಗ ನನ್ನ ಸರದಿ. ನವೆಂಬರಿನಲ್ಲಿ ನಾನು ವ್ಯಾಪಾರಕ್ಕೆ ಹೋಗಿರಲಿಲ್ಲ. ಎರಡೂ ಮಂಡಿಗೆ ಆಪರೇಷನ್ ಆಯಿತು, ಆಸ್ಪತ್ರೆಯಲ್ಲಿದ್ದೆ. ಗೋಲ್‌ಕೀಪರನ ಮಂಡಿ ಹೋಯಿತು ಎಂದು ಬರೆಯಲು ನಾಚಿಕೆಯಾಗಿ ಸುಳ್ಳು ಬರೆದೆ. ಬರುತ್ತೇನೆ ಎಂದದ್ದು ಸುಳ್ಳಲ್ಲ, ಆಸೆ. ಆರು ವಾರದಲ್ಲಿ ಓಡಾಡಬಹುದು ಎಂದಿದ್ದರು. ನಿನ್ನೆ ಡಾಕ್ಟರು ನೋಡಿ, ಬೇಸಿಗೆಯವರೆಗೆ ಪ್ರಯಾಣವಿಲ್ಲ ಎಂದರು. ಈಗ ನಾನು ಕೋಲು ಹಿಡಿದು ಕೋಣೆಯಿಂದ ಅಂಗಳಕ್ಕೆ ಹೋಗುವುದೇ ಪೂರ್ತಿ ಮೈದಾನ ಓಡಿದ ಹಾಗೆ.

ನನ್ನ ಜಾಗದಲ್ಲಿ ತಮ್ಮನ ಮಗ ನಿಲ್ಲುತ್ತಾನೆ. ಆಟ ನಿಲ್ಲಿಸಬೇಡಿ. ಒಂದೊಂದು ನಿಮಿಷವೂ ಬರೆದು ಕಳಿಸು. ಯಾರು ಬಿದ್ದರು ಎಂಬುದನ್ನೂ ಬಿಡದೆ.

ಯಾಹ್ಯಾ


ಹಿರೇಗುತ್ತಿ
28 ಜನವರಿ 2026

ಯಾಹ್ಯಾ ಸಾಹೇಬರಿಗೆ,

ನೀವು ಇಲ್ಲದ್ದು ಎಲ್ಲರಿಗೂ ಕಂಡಿತು. ಆದರೂ ಆಡಿದೆವು.

ಭಟ್ಕಳದಿಂದ ಎರಡು ಟೆಂಪೋ ಬಂತು, ಪಂಕ್ಚರ್ ಆಗಲಿಲ್ಲ. ಇಳಿದ ಕೂಡಲೇ ನಿಮ್ಮ ತಮ್ಮ, "ಮೊದಲು ಬಾಗಿಲು ತೋರಿಸಿ" ಎಂದರು. ಹಲಗೆಗಳನ್ನು ತಟ್ಟಿ ನೋಡಿ, ಅದರ ಮೇಲೆ ತಮ್ಮವನೊಬ್ಬ ಕೂರಬೇಕು, ಊರಿನವನೊಬ್ಬ ಕೂರಬೇಕು ಎಂದು ಷರತ್ತು ಹಾಕಿದರು. ಊರಿನ ಪರವಾಗಿ ನಾನು ಕೂತೆ. ಅಜ್ಜಿ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. "ನಾನು ಎಂತ ಮಾಡೂದಿಲ್ಲ, ಇವತ್ತು ಮನೇಲಿ ಸಾರು ಉಂಟು," ಎಂದು ನಿಮ್ಮವರಿಗೆ ಭರವಸೆ ಕೊಟ್ಟಳು.

ಅಂದಿನವರಲ್ಲಿ ಎರಡೂ ಕಡೆ ಸೇರಿ ಒಂಬತ್ತು ಜನ ಇದ್ದರು, ಉಳಿದವರು ಹೊಸಬರು. ಗೋಲು ಬರೆಯುವ ಬೋರ್ಡಿನ ಮೇಲೆ 0–1 ಎಂದು ಬರೆದೇ ಸೀಟಿ ಊದಿದರು. ಎರಡನೇ ನಿಮಿಷಕ್ಕೆ ನಿಮ್ಮ ತಮ್ಮ ಬಿದ್ದರು. ನಾಲ್ಕನೆಯದಕ್ಕೆ ಅವರನ್ನು ಎಬ್ಬಿಸಲು ಹೋದ ನಮ್ಮ ಪ್ರಕಾಶಣ್ಣ ಬಿದ್ದರು. ಆರನೆಯದಕ್ಕೆ ನಿಮ್ಮ ಹುಡುಗನೊಬ್ಬ ಹೊಡೆದದ್ದನ್ನು ನಾರಾಯಣಣ್ಣ ಎದೆಯಲ್ಲಿ ತಡೆದರು. ಅರವತ್ತಮೂರು ವರ್ಷದ ಎದೆ. ನಾನು ಹಲಗೆಯ ಮೇಲೆ ಎದ್ದು ನಿಂತೆ.

ಒಂಬತ್ತನೇ ನಿಮಿಷಕ್ಕೆ ಅವರು ಮಂಡಿ ಹಿಡಿದು ಬಾಗಿದರು. ಉಸಿರು ಸಿಗುತ್ತಿರಲಿಲ್ಲ. ಕೈಗವಸು ಬಿಚ್ಚಿ ಬಾಗಿಲಿನ ಕಡೆ ನೋಡಿದರು.

"ಇನ್ನೂ ಅಲ್ಲೆಂತ ಕೂತಿದ್ಯಾ? ಬಾರಾ."

"ದಿನೇಶ ಇದ್ದಾನಲ್ಲ, ನಾರಾಯಣಣ್ಣ."

"ದಿನೇಶನ್ನ ನಾನು ನೋಡಿದ್ದೆ. ನೀ ಬಾ."

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಕೈಗವಸು ಒದ್ದೆಯಾಗಿ ಬಿಸಿಯಾಗಿತ್ತು. ಆ ಎಂಟು ನಿಮಿಷದಲ್ಲಿ ನಾಲ್ಕು ಚೆಂಡು ಬಂತು, ನಾಲ್ಕನ್ನೂ ಹಿಡಿದೆ. ಒಂದು ನಿಜವಾಗಿ ಕಷ್ಟದ್ದು, ಉಳಿದವು ನಿಮ್ಮ ತಮ್ಮನವು.

ಹದಿನಾರನೇ ನಿಮಿಷದಲ್ಲಿ ಚೆಂಡು ರವೀಂದ್ರಣ್ಣನ ಕಾಲಿಗೆ ಸಿಕ್ಕಿತು. ಮುಂದೆ ನಿಮ್ಮ ತಮ್ಮನ ಮಗ ಒಬ್ಬನೇ. ಅದೇ ಬಲಗಾಲು. ಹುಡುಗ ತಪ್ಪು ಕಡೆಗೆ ಹಾರಿದ. ಚೆಂಡು ಅವನನ್ನು ದಾಟಿ ಉರುಳಿ ಉರುಳಿ, ಗೆರೆಗೆ ಒಂದು ಗೇಣು ಮೊದಲು ಕೆಸರಿನಲ್ಲಿ ನಿಂತಿತು. ಎಲ್ಲರೂ ಅದನ್ನೇ ನೋಡುತ್ತ ನಿಂತೆವು. ಹುಡುಗ ತೆವಳಿ ಬಂದು ಅದರ ಮೇಲೆ ಮಲಗಿದ. ಸೀಟಿಯಾಯಿತು.

"ಬೂಟ್ ಹಾಕ್ಲಿಲ್ಲ, ಅದ್ಕೇ," ಎಂದರು ರವೀಂದ್ರಣ್ಣ. ಹುಟ್ಟಿದಂದಿನಿಂದ ಅವರು ಬೂಟು ಹಾಕಿ ಆಡಿದವರಲ್ಲ.

ಭಟ್ಕಳ ಗೆದ್ದಿತು. ನಾರಾಯಣಣ್ಣ ಕಪಾಟಿನ ಬೀಗ ತೆಗೆದು ಕಪ್ಪನ್ನು ತಾವೇ ನಿಮ್ಮ ತಮ್ಮನ ಕೈಗೆ ಕೊಟ್ಟರು. ಕೊಡುವಾಗ ಮುಖ ಸ್ವಲ್ಪ ಸಣ್ಣದಾಯಿತು, ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ನಿಮ್ಮವರು ಅದನ್ನು ಟೆಂಪೋಕ್ಕೆ ಹತ್ತಿಸಲಿಲ್ಲ. ತಮ್ಮತಮ್ಮಲ್ಲಿ ನವಾಯತಿಯಲ್ಲಿ ಮಾತಾಡಿ, ಇದು ಮೊದಲು ಬೆರಳು ಮುರಿದವನ ಕೈಗೆ ಹೋಗಬೇಕು, ಬೇಸಿಗೆಗೆ ಅವನೇ ಭಟ್ಕಳಕ್ಕೆ ತರಲಿ ಎಂದರು. ಯಾರು ಒಯ್ಯುವುದು ಎಂಬ ಮಾತು ಬಂದಾಗ ನಾರಾಯಣಣ್ಣ ನನ್ನ ಕಡೆ ಕೈ ಮಾಡಿದರು.

"ಇವ್ನೇ ಹೋಗ್ಲಿ. ಎಲ್ಲೂ ನಿಲ್ಲದೆ ಹೋಗಿ ಬರೂದು ಇವ್ನಿಗೇ ಬರೂದು. ಫೆಬ್ರವರಿ ಅಷ್ಟಮಿಗೆ ಮ್ಯಾಚು ಉಂಟು, ಅಷ್ಟ್ರೊಳಗೆ ವಾಪಸ್ ಬಾ. ಗೋಲು ಖಾಲಿ ಇಡ್ತೆ."

ಕಪ್ಪನ್ನು ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದೇನೆ. ಪಕ್ಕದಲ್ಲಿ ಅವಳು ಕಟ್ಟಿಕೊಟ್ಟ ಒಣ ಶೆಟ್ಲಿ ಇದೆ, ವಾಸನೆ ಬಂದರೆ ಬೈಯಬೇಡಿ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ಕೊಡುತ್ತೇನೆ. ನಾನು ಕೂಗಿ ಹೇಳಿದರೆ ನೀವು ಸೀರೆಯ ರೇಟು ಹೇಳಿಬಿಟ್ಟೀರಿ, ಕೂತು ಓದಿಕೊಳ್ಳಿ. ನಿಮ್ಮ ತಮ್ಮ ಮನೆಗೆ ಫೋನ್ ಮಾಡಿ ತಿಳಿಸಿದ್ದಾರೆ. ಹುಬ್ಬಳ್ಳಿಯ ಆಚೆ ನಾನು ಹೋದವನಲ್ಲ. ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಕುಮಟಾದಿಂದ ಹೊರಡುತ್ತೇನೆ.

ಹರೀಶ